ಹದಿನೇಳನೇ ಕಂಬದ ವಾಡಿಕೆ

“ಯಾರನ್ನ ಕೇಳಿ ಬೆಸುಗೆ ಹಾಕಿಸ್ದೆ? ಬಾಯಿ ಬಿಡು! ಹದಿನೇಳನೇ ಕಂಬ ಮುಟ್ಟಬೇಡ ಅಂತ ನೀನು ಬಂದ ಮೊದಲನೇ ವಾರವೇ ಹೇಳಿರಲಿಲ್ವಾ? ಆವಾಗ ಕಿವೀಲಿ ಹತ್ತಿ ಇಟ್ಕೊಂಡಿದ್ಯಾ?”

“ಹೇಳಿದ್ರಿ ಮೇಷ್ಟ್ರೇ. ಯಾಕೆ ಅಂತ ಹೇಳಿದ್ರಾ? ಸಡಿಲ ಐತೆ, ಇರ್ಲಿ ಬಿಡು ಅಂದ್ರಿ. ಸಡಿಲ ಇದ್ದಿದ್ದನ್ನ ಬಿಗಿ ಮಾಡಿಸ್ದೆ. ಕಂಬ ಕಿತ್ಕೊಂಡೋಗಿ ಒಲೆಗೆ ಹಾಕ್ದೆನಾ?”

“ಒಲೆಗೆ ಹಾಕಿದ್ರೂ ಪರವಾಗಿರಲಿಲ್ಲ ಕಣೇ!”

“ಕಣೇ ಗಿಣೇ ಅಂದ್ರೆ ಸರಿ ಇರಲ್ಲ, ಈಗ್ಲೇ ಹೇಳಿದೀನಿ!”

ತಂತಿಮನೆಯ ಆ ಸಣ್ಣ ಕೋಣೆಯಲ್ಲಿ ಜವರಯ್ಯ ಮೇಷ್ಟ್ರೂ ನಾನೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕಿರುಚಾಡುತ್ತಿದ್ದೆವು. ಅವರ ಎಂಜಲು ನನ್ನ ಕೆನ್ನೆಗೆ, ನನ್ನದು ಅವರ ಕನ್ನಡಕಕ್ಕೆ. ಲೈನ್‌ಮನ್ ಸಣ್ಣೀರ ಬಾಗಿಲ ಹೊರಗೆ ಸೈಕಲ್ ಹಿಡಿದುಕೊಂಡು ನಿಂತಿದ್ದ. ಒಳಗೆ ಬಂದರೆ ತನಗೂ ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು, ಯಾಕೆಂದರೆ ಬೆಸುಗೆ ಹಾಕಿದ ಕೈ ಅವನದೇ. ಮೇಷ್ಟ್ರ ಮುಷ್ಟಿಯಲ್ಲಿ ಮೂರು ದಿನದ ಕಾಗದದ ಪಟ್ಟಿ ಇತ್ತು. ಆ ಮುಷ್ಟಿಯನ್ನು ಮೇಲಕ್ಕೆತ್ತಿದರು. ಹೊಡೆಯುತ್ತಾರೇನೋ ಎಂದುಕೊಂಡು ನಾನೂ ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಅವರು ಹೊಡೆಯಲಿಲ್ಲ. ಕುರ್ಚಿಯ ಮೇಲೆ ಕುಸಿದು ಕುಳಿತು, ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

“ಅದು ಸಡಿಲ ಅಲ್ಲ ಕಣಮ್ಮ,” ಎಂದರು. “ದಿನಾ ಸಾಯಂಕಾಲ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆ ಕಂಬದ ಪಿನ್ನು ಕಿತ್ತು ವಾಪಸ್ ಹಾಕ್ತಿದ್ದೋಳು ನನ್ನ ಹೆಂಡ್ತಿ. ಒಂಬತ್ತು ವರ್ಷದಿಂದ ನಮ್ಮಿಬ್ಬರ ಮಧ್ಯೆ ಇದ್ದ ಮಾತು ಅದೊಂದೇ. ನೀನು ಅದರ ಬಾಯಿಗೆ ಸೀಸ ಕಾಯಿಸಿ ಹುಯ್ದುಬಿಟ್ಟೆ.”

ಇದು ನಡೆದು ಇಪ್ಪತ್ತೊಂಬತ್ತು ವರ್ಷವಾಯಿತು. ಮೇಷ್ಟ್ರು ಕುಳಿತಿದ್ದ ಆ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಬೆತ್ತ ಎರಡು ಸಲ ಹೊಸದಾಗಿ ಹೆಣೆಸಿದ್ದೇನೆ, ಕಾಲುಗಳು ಅವೇ. ಆ ದಿನ ನೆನಪಾದರೆ ಈಗಲೂ ನನ್ನ ಕೆನ್ನೆ ಬಿಸಿಯಾಗುತ್ತದೆ, ನಾಚಿಕೆಗೋ ಕೋಪಕ್ಕೋ ಗೊತ್ತಿಲ್ಲ.

ನಾನು ಆ ಊರಿನವಳಲ್ಲ. ನಮ್ಮ ಹಳ್ಳಿಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ನಾನು ಈ ದಡದಲ್ಲಿ ಕೂಗಿದರೆ ಕೆರೆಯ ಆ ದಡದಲ್ಲಿ ಮೇಯುತ್ತಿದ್ದ ಎಮ್ಮೆ ತಿರುಗಿ ನೋಡುತ್ತಿತ್ತು. ಅಂಥ ಗಂಟಲು ನನ್ನದು. ಅಂಥವಳಿಗೆ ಕೆಲಸ ಸಿಕ್ಕಿದ್ದು ಮಾತು ಹತ್ತು ಹೆಜ್ಜೆಗಿಂತ ಮುಂದೆ ಹೋಗದ ಊರಿನಲ್ಲಿ. ಅಲ್ಲಿ ಎಷ್ಟೇ ಕೂಗಲಿ, ಹನ್ನೊಂದನೇ ಹೆಜ್ಜೆಯಲ್ಲಿ ನಿಂತವನಿಗೆ ನಿಮ್ಮ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಕೋಳಿ ಕೂಗಿದರೆ ಒಂದು ಮನೆಯವರು ಏಳುತ್ತಾರೆ. ಮದುವೆಯಲ್ಲಿ ಓಲಗದವರು ಒಂದು ಕಡೆ ಕೂರುವುದಿಲ್ಲ, ಊಟದ ಸಾಲುಗಳ ನಡುವೆ ಅಡ್ಡಾಡುತ್ತಾ ಊದುತ್ತಾರೆ. ಅವರು ಹತ್ತಿರ ಬಂದಾಗ ಮದುವೆ, ದಾಟಿ ಹೋದಾಗ ಬರೀ ಊಟ. ಸೊಪ್ಪು ಮಾರುವವಳು ಪ್ರತಿ ಹೊಸ್ತಿಲಿಗೂ ಬಂದು ನಿಲ್ಲಬೇಕು. ಆಟಕ್ಕೆ ಹೋದ ಮಕ್ಕಳನ್ನು ಕರೆಯಲು ತಾಯಂದಿರು ಮಾಳಿಗೆಯ ಮೇಲೆ ಸೀರೆ ಬೀಸುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಜಗಳ ಆಡಬೇಕಾದರೆ ಹತ್ತಿರ ಹೋಗಬೇಕು. ಅದಕ್ಕೇ ಆ ಊರಲ್ಲಿ ಜಗಳ ಕಡಿಮೆ. ಆದರೆ ಶುರುವಾಯಿತೆಂದರೆ ಗಟ್ಟಿ ಜಗಳ, ಯಾಕೆಂದರೆ ಎದ್ದು ಹೊರಟವರನ್ನು ವಾಪಸು ಕರೆಯುವುದಕ್ಕೆ ನಿಮ್ಮ ಕೈಯಲ್ಲಿರುವುದು ಹತ್ತೇ ಹೆಜ್ಜೆ.

ಅದಕ್ಕೇ ತಂತಿಮನೆ. ಊರಿನಲ್ಲಿ ಇಪ್ಪತ್ತೊಂದು ಕಂಬ. ಒಂದೊಂದು ಕಂಬದ ಬುಡದಲ್ಲೂ ಅಕ್ಷರದ ಗುಂಡಿಗಳಿರುವ ಒಂದು ಪೆಟ್ಟಿಗೆ, ಅದನ್ನು ತಂತಿಗೆ ಸೇರಿಸುವ ಒಂದು ಪಿನ್ನು. ಜನ ಒತ್ತಿದ ಸುದ್ದಿ ನಮ್ಮ ಯಂತ್ರದಲ್ಲಿ ಕಾಗದದ ಪಟ್ಟಿಯ ಮೇಲೆ ಅಚ್ಚಾಗಿ ಬರುತ್ತದೆ, ನಾವು ಅದನ್ನು ಬೇಕಾದ ಕಂಬಕ್ಕೆ ದಾಟಿಸುತ್ತೇವೆ. “ಅಕ್ಕಂಗೆ ಹೆಣ್ಣು ಮಗು.” “ಎತ್ತು ಸಿಕ್ತು, ಹುಡುಕಬೇಡಿ.” ಇಷ್ಟೇ ಕೆಲಸ ಎಂದುಕೊಂಡು ನಾನು ಸೇರಿದ್ದೆ. ಮೊದಲನೇ ದಿನ ಯಂತ್ರದ ಮುಂದೆ ಕುಳಿತಾಗ ಗೊತ್ತಾಯಿತು, ಜನ ಆಡುವುದು ನೂರರಲ್ಲಿ ಒಂದು ಮಾತು, ಉಳಿದದ್ದೆಲ್ಲ ಕಂಬಗಳದೇ. ಪ್ರತಿ ಕಂಬವೂ ಕಾಲು ಗಂಟೆಗೊಮ್ಮೆ ತಾನಾಗಿಯೇ “ಇದ್ದೇನೆ” ಎಂದು ಒಂದು ಸಾಲು ಕಳಿಸುತ್ತದೆ. ಅದರ ಜೊತೆಗೆ “ತಡವಾಯಿತು,” “ದಾರಿ ಬದಲು, ಆರರ ಮೂಲಕ,” “ಪಕ್ಕದ್ದು ಹೋಯಿತು,” “ಪಕ್ಕದ್ದು ಬಂತು,” “ಬಿಟ್ಟಿತು,” “ಸೇರಿತು.” ಪಟ್ಟಿ ಸರಸರ ಹೊರಬಂದು ನನ್ನ ಕಾಲ ಬಳಿ ಸುರುಳಿ ಬೀಳುತ್ತಿತ್ತು.

ಆ ದಿನ ಮಧ್ಯಾಹ್ನ ಮೇಷ್ಟ್ರು ಊಟಕ್ಕೆ ಹೋಗಿದ್ದಾಗ “ಕಂಬ ಮೂರು: ಪಕ್ಕದ್ದು ಹೋಯಿತು” ಎಂದು ಬಂತು. ನಾನು ಯಾರೋ ಸತ್ತರೆಂದುಕೊಂಡು ಚಪ್ಪಲಿಯನ್ನೂ ಮೆಟ್ಟದೆ ಮೂರನೇ ಕಂಬದ ಬೀದಿಗೆ ಓಡಿದೆ. ಪಕ್ಕದ ಮನೆಯ ಜಗಲಿಯ ಮೇಲೆ ಒಬ್ಬಳು ಮುದುಕಿ ಅವರೇಕಾಯಿ ಸುಲಿಯುತ್ತಿದ್ದಳು. “ಅಜ್ಜೀ, ಮನೇಲಿ ಯಾರು ಹೋದ್ರು?” ಎಂದೆ ಏದುಸಿರು ಬಿಡುತ್ತ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇರೋಳು ನಾನೊಬ್ಳೇ. ಇನ್ನೂ ಹೋಗಿಲ್ಲ ಕಣವ್ವ. ಹೊಸಬಳಾ? ಕೂತ್ಕೊ, ಒಂದೆರಡು ಕಾಯಿ ಸುಲಿ, ಉಸಿರು ನಿಲ್ಲಲಿ,” ಎಂದಳು. ವಾಪಸು ಬಂದಾಗ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೂರರ ಪಕ್ಕದ್ದು ಅಂದ್ರೆ ನಾಲ್ಕನೇ ಕಂಬ ಕಣಮ್ಮ. ನಾಲ್ಕಕ್ಕೆ ಮಧ್ಯಾಹ್ನದ ಬಿಸಿಲು ಹೊಡೀತದೆ, ತಂತಿ ಜೋತು ಬೀಳ್ತದೆ, ಸ್ವಲ್ಪ ಹೊತ್ತು ಮೂರರ ಕೈಗೆ ಸಿಗಲ್ಲ. ಬಿಸಿಲು ಇಳಿದ್ರೆ ಬತ್ತದೆ. ದಿನಾ ಹೋಗ್ತದೆ, ದಿನಾ ಬತ್ತದೆ. ದಿನಾ ನೀನು ಓಡ್ತೀಯಾ?”

ಅವರ ಹತ್ತಿರ ಒಂದು ಉದ್ದನೆಯ ರಿಜಿಸ್ಟರ್ ಇತ್ತು. ಅದರಲ್ಲಿ ಮೂರು ಕಾಲಂ: ವಾಡಿಕೆ, ಗಮನ, ಓಟ. ಬಂದ ಪ್ರತಿಯೊಂದು ಸಾಲನ್ನೂ ಈ ಮೂರರಲ್ಲಿ ಒಂದಕ್ಕೆ ಹಾಕಬೇಕು. ವಾಡಿಕೆಯಾದರೆ ಸುಮ್ಮನಿರು. ಗಮನವಾದರೆ ಮುಂದಿನ ಸಾಲು ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡ. ಓಟವಾದರೆ ಸಣ್ಣೀರನನ್ನು ಸೈಕಲ್ ಹತ್ತಿಸು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಯಂತ್ರ ನಡೆಯುತ್ತಿತ್ತು. ಇಪ್ಪತ್ತೊಂದು ಕಂಬ, ಕಾಲು ಗಂಟೆಗೊಂದು ಸಾಲು, ಲೆಕ್ಕ ಹಾಕಿದರೆ ದಿನಕ್ಕೆ ಸರಿಯಾಗಿ ಸಾವಿರದೆಂಟು “ಇದ್ದೇನೆ.” ಮೇಷ್ಟ್ರು ಅದಕ್ಕೆ ಸಹಸ್ರನಾಮ ಎನ್ನುತ್ತಿದ್ದರು. ಸಂಜೆ ಬೀಗ ಹಾಕುವಾಗ “ಏನಮ್ಮಾ ಹೊಂಬಾಳಮ್ಮ, ಸಹಸ್ರನಾಮ ಪೂರ್ತಿ ಆಯ್ತಾ?” ಎಂದು ಕೇಳುತ್ತಿದ್ದರು. ಒಂದು ಹೆಸರು ತಪ್ಪಿದ್ದರೂ ಯಾವ ಕಂಬದ್ದು, ಎಷ್ಟು ಗಂಟೆಯದ್ದು ಎಂದು ನಾನು ಹೇಳಬೇಕಿತ್ತು.

ಮೊದಲ ತಿಂಗಳು ನಾನು ಎಲ್ಲವನ್ನೂ ಓಟಕ್ಕೆ ಹಾಕುತ್ತಿದ್ದೆ. ಸಣ್ಣೀರನ ಸೈಕಲ್ಲಿನ ಎರಡು ಟೈರು ಸವೆದುಹೋದವು. “ಅಕ್ಕಾ, ನಿನ್ನ ಕೈಯಾಗೆ ನಾನು ಸಾಯೋದೇ ಗ್ಯಾರಂಟಿ, ಆವಾಗ ಓಟದ ಕಾಲಂಗೆ ಯಾರನ್ನ ಹತ್ತಿಸ್ತೀಯ?” ಎನ್ನುತ್ತಿದ್ದ. ಎರಡನೇ ತಿಂಗಳು ರೇಗಿಹೋಗಿ ಎಲ್ಲವನ್ನೂ ವಾಡಿಕೆಗೆ ಹಾಕಿದೆ. ಹತ್ತನೇ ಕಂಬ ಮುರಿದು ಬಿದ್ದು ಅರ್ಧ ದಿನವಾದ ಮೇಲೆ ಆ ಬೀದಿಯವರು ನಡೆದು ಬಂದು ನನಗೆ ಹೇಳಬೇಕಾಯಿತು. ಮೇಷ್ಟ್ರು ಬೈಯಲಿಲ್ಲ. ಮಾರನೇ ದಿನ ಯಂತ್ರಕ್ಕೆ ಬೆನ್ನು ಹಾಕಿ ನನ್ನನ್ನು ಕೂರಿಸಿ, ಕಣ್ಣು ಮುಚ್ಚು ಎಂದರು. “ಓದಬೇಡ. ಕೇಳು. ಟಕಟಕಟಕ, ಅದು ಒಂದರಿಂದ ಐದು. ಈಗ ಒಂದು ಉಸಿರು ತಡ, ಅದು ಒಂಬತ್ತು; ಹುಣಿಸೆ ಮರದ ಕೆಳಗಿದೆ, ಪೆಟ್ಟಿಗೆ ತುಂಬ ಇರುವೆ. ಹನ್ನೆರಡು ಸೋಮವಾರ ಶುಕ್ರವಾರ ತೊದಲ್ತದೆ. ಯಾಕೆ? ಅವತ್ತು ಅಗಸರು ತಂತಿ ಮೇಲೆ ಬಟ್ಟೆ ಹರವ್ತಾರೆ. ಬೇಡ ಅಂದ್ರೂ ಕೇಳಲ್ಲ. ಆರು ಬೆಳಿಗ್ಗೆ ಎಂಟಕ್ಕೆ ಬಿಟ್ಟು ಸೇರ್ತದೆ. ಅಲ್ಲಿ ಗಾಣ ಶುರುವಾಯ್ತು ಅಂತ ಅರ್ಥ. ಆರು ಎಂಟಕ್ಕೆ ಬಿಡದೆ ಹೋದ್ರೆ ಆವಾಗ ನೀನು ಹೆದರ್ಬೇಕು. ಗಾಣದ ಶೆಟ್ಟರಿಗೆ ಜ್ವರ ಬಂದಿರ್ತದೆ.”

ಹೀಗೆ ಕಲಿತೆ. ಮೂರು ತಿಂಗಳಾಗುವಷ್ಟರಲ್ಲಿ ನನಗೆ ಆ ಊರು ನೋಡದೆಯೇ ಗೊತ್ತಾಗುತ್ತಿತ್ತು. ಹನ್ನೆರಡು ತೊದಲಿದರೆ ನನ್ನ ಮೂಗಿಗೆ ಸೋಡಾಪುಡಿಯ ವಾಸನೆ ಬರುತ್ತಿತ್ತು. ಹದಿನೈದು ಎರಡು ಸಲ ತಡವಾದರೆ ಶಾಲೆ ಬಿಟ್ಟಿತು, ಮಕ್ಕಳು ಕಂಬ ಹತ್ತುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ನನ್ನ ಗಂಟಲು ಯಾವುದಕ್ಕೂ ಬಾರದ ಆ ಊರಲ್ಲಿ ನನ್ನ ಕಿವಿ ಬೆಳೆಯಿತು. ಆಮೇಲೆ ಎಷ್ಟೋ ಹೊಸ ಯಂತ್ರಗಳು ಬಂದವು, ಈಗಿನದು ವಾಡಿಕೆಯ ಸಾಲುಗಳನ್ನು ಅಚ್ಚು ಹಾಕುವುದೇ ಇಲ್ಲ, ಬೇಕಾದರೆ ಮಾತ್ರ ತೋರಿಸುತ್ತದೆ. ಹೊಸದಾಗಿ ಸೇರಿದವರು ಸುಮ್ಮನೆ ಕುಳಿತು ಆಕಳಿಸುತ್ತಾರೆ. ನನಗೆ ಆ ಟಕಟಕ ಬೇಕು ಅನಿಸುತ್ತದೆ. ಮೇಷ್ಟ್ರು ಪಂಚೆಯ ಅಂಚಿನಲ್ಲಿ ಕನ್ನಡಕ ಒರೆಸಿಕೊಂಡು “ಕೇಳು” ಎಂದದ್ದು ಬೇಕು ಅನಿಸುತ್ತದೆ.

ಹದಿನೇಳು ಎಲ್ಲಕ್ಕಿಂತ ದೂರದ ಕಂಬ. ಸುಣ್ಣದ ಗೂಡಿನ ಹತ್ತಿರ, ತಂತಿಮನೆಯಿಂದ ಒಂದು ಗಂಟೆಯ ನಡಿಗೆ. ಅಲ್ಲಿ ಇದ್ದದ್ದು ಒಂದೇ ಮನೆ. ಪ್ರತಿ ದಿನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅದರಿಂದ ಎರಡು ಸಾಲು ಬರುತ್ತಿದ್ದವು: “ಕಂಬ ಹದಿನೇಳು: ಬಿಟ್ಟಿತು. ಕಂಬ ಹದಿನೇಳು: ಸೇರಿತು.” ಮೇಷ್ಟ್ರು ನಾಲ್ಕಕ್ಕೆ ಸರಿಯಾಗಿ ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ಯಂತ್ರದ ಮುಂದೆ ಬಂದು ಕೂರುತ್ತಿದ್ದರು. ಆ ಎರಡು ಸಾಲು ಬಂದ ಮೇಲೆ ರಿಜಿಸ್ಟರ್ ನನ್ನ ಕೈಯಿಂದ ತೆಗೆದುಕೊಂಡು, ವಾಡಿಕೆ ಎಂದು ತಾವೇ ಬರೆಯುತ್ತಿದ್ದರು. ಅಷ್ಟು ಚೆಂದದ ಅಕ್ಷರದಲ್ಲಿ ಅವರು ಬೇರೇನೂ ಬರೆದದ್ದನ್ನು ನಾನು ನೋಡಿಲ್ಲ. ಉಳಿದ ಇಪ್ಪತ್ತು ಕಂಬಗಳ ಕಾರಣವನ್ನೆಲ್ಲ ಹೇಳಿಕೊಟ್ಟವರು ಇದೊಂದರ ಕಾರಣ ಕೇಳಿದರೆ, “ಹಳೇ ಕಂಬ. ಸಡಿಲ ಇದೆ. ಇರ್ಲಿ ಬಿಡು,” ಎಂದು ಎದ್ದು ಹೋಗುತ್ತಿದ್ದರು.

ಆ ವರ್ಷ ಮೇಲಿನವರ ತಪಾಸಣೆ ಬರುವುದಿತ್ತು. ಒಂದೇ ಕಂಬ ವರ್ಷವಿಡೀ ದಿನಾ ಬಿಟ್ಟು ಸೇರಿದ್ದು ಕಣ್ಣಿಗೆ ಬಿದ್ದರೆ ಮುಖ್ಯಸ್ಥರಾದ ಮೇಷ್ಟ್ರನ್ನು ಕೇಳುತ್ತಾರೆ, ವಯಸ್ಸಾಯಿತು ಎಂದು ಮನೆಗೆ ಕಳಿಸಿದರೂ ಕಳಿಸಬಹುದು ಎಂದು ಸಣ್ಣೀರ ಹೇಳಿದ್ದ. ಮೇಷ್ಟ್ರು ತಮ್ಮನ ಮಗಳ ಮದುವೆಗೆಂದು ಮೂರು ದಿನ ಹೋದರು. ಅವರಿಗೆ ಗೊತ್ತಿಲ್ಲದಂತೆ ಒಂದು ಉಪಕಾರ ಮಾಡೋಣ ಎಂದು ನಾನು ಸಣ್ಣೀರನ ಕೈಗೆ ಬೆಸುಗೆಯ ಸಲಕರಣೆ ಕೊಟ್ಟು ಕಳಿಸಿದೆ. ಪಿನ್ನಿನ ಬುಡಕ್ಕೆ ಬೆಸುಗೆ ಹಾಕಿ ಬಾ, ಇನ್ನು ಏನೇ ಆದರೂ ಅಲುಗಬಾರದು ಎಂದೆ. ಅವನು ಹಾಕಿ ಬಂದ. ಅವತ್ತು ನಾಲ್ಕು ಹತ್ತಾಯಿತು, ಹದಿನೇಳು ಬಿಡಲಿಲ್ಲ. ನಾಲ್ಕೂಕಾಲಿಗೆ “ಇದ್ದೇನೆ” ಎಂದಿತು. ಎರಡನೇ ದಿನವೂ ಹಾಗೇ, ಮೂರನೇ ದಿನವೂ ಹಾಗೇ. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಮೇಷ್ಟ್ರು ಬಂದ ಬೆಳಿಗ್ಗೆ ನಾನೇ ಮೂರು ದಿನದ ಪಟ್ಟಿಯನ್ನು ಬಿಡಿಸಿ ಅವರ ಮುಂದೆ ಹಿಡಿದೆ.

ಜಗಳ ಶುರುವಾದದ್ದು ಹಾಗೆ. ಬೈಗುಳ ಮುಗಿದ ಮೇಲೆ, ಕುರ್ಚಿಯ ಮೇಲೆ ಕುಳಿತೇ ಅವರು ಉಳಿದದ್ದನ್ನು ಹೇಳಿದರು. ಹೆಂಡತಿಯ ಹೆಸರು ದೇವೀರಮ್ಮ. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಯಂತ್ರದ ಮುಂದೆ ಕುಳಿತರೆ ಹಸಿವು ನೀರಡಿಕೆ ಮರೆಯುತ್ತಿದ್ದರು. ಅದಕ್ಕೆ ಆಕೆಗೆ ಮನೆ ಮುಂದಿನ ಎರಡನೇ ಕಂಬದ ಪಿನ್ನು ತೋರಿಸಿ, ಟೀ ಆದ ಕೂಡಲೇ ಇದನ್ನು ಕಿತ್ತು ವಾಪಸು ಹಾಕು, ನನಗೆ ಗೊತ್ತಾಗುತ್ತದೆ ಎಂದಿದ್ದರು. ಆಕೆ ನಾಲ್ಕು ಹತ್ತಕ್ಕೆ ಪಿನ್ನು ಕಿತ್ತು ವಾಪಸು ಹಾಕುತ್ತಿದ್ದಳು. ಇವರು ಎದ್ದು ಮನೆಗೆ ಹೋಗುತ್ತಿದ್ದರು. ಹದಿನಾಲ್ಕು ವರ್ಷ ಹಾಗೆ ನಡೆಯಿತು. ಆಮೇಲೆ ಒಂದು ದಿನ ಇವರು ಹೋಗಲಿಲ್ಲ, ಆರಕ್ಕೆ ಬೀಗ ಹಾಕಿಕೊಂಡೇ ಹೋದರು. ಆರಿದ ಟೀ ಮುಂದಿಟ್ಟು ಆಕೆ ಏನೋ ಅಂದಳು, ಇವರು, “ನೀನು ಇದ್ರೇನು ಹೋದ್ರೇನು, ನನ್ನ ಕಂಬಗಳು ನಿಂತಿದ್ರೆ ಸಾಕು,” ಎಂದುಬಿಟ್ಟರು. ಆಕೆ ಲೋಟ ಕೆಳಗಿಟ್ಟು ಹೊರಟಳು. ಇವರು ಹೊಸ್ತಿಲ ಮೇಲೆ ಕುಳಿತು ಹೆಜ್ಜೆ ಎಣಿಸಿದರು.

“ಎಂಟಕ್ಕೆ ತಿರುಗ್ತಾಳೆ ಅಂದ್ಕೊಂಡೆ. ಒಂಬತ್ತಕ್ಕೆ ತಿರುಗ್ತಾಳೆ ಅಂದ್ಕೊಂಡೆ,” ಎಂದರು ಮೇಷ್ಟ್ರು. “ಹನ್ನೊಂದಕ್ಕೆ ಕೂಗ್ದೆ.”

ಸುಣ್ಣದ ಗೂಡು ಆಕೆಯ ತಮ್ಮನದು, ಆಕೆ ಅಲ್ಲಿಗೇ ಹೋಗಿ ಉಳಿದಳು. ಆರು ತಿಂಗಳಾದ ಮೇಲೆ ಒಂದು ಸಾಯಂಕಾಲ ನಾಲ್ಕು ಹತ್ತಕ್ಕೆ ಹದಿನೇಳನೇ ಕಂಬ ಬಿಟ್ಟು ಸೇರಿತು. ಮಾರನೇ ದಿನವೂ. ಒಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ, ನಾನು ತಪ್ಪಿಸಿದ ಆ ಮೂರು ದಿನ ಬಿಟ್ಟರೆ. “ಅವಳು ಏನಂದ್ಕೊಂಡಿರ್ತಾಳೆ ಹೇಳು,” ಎಂದರು. “ತಂತಿಮನೆಯಿಂದ ಲೈನ್‌ಮನ್ ಬಂದ, ಸೀಸ ಕಾಯಿಸಿ ಪಿನ್ನು ಮುಚ್ಚಿದ. ಇಷ್ಟು ವರ್ಷ ಆದ ಮೇಲೆ ಗಂಡ ಬಾಯಿ ಮುಚ್ಚು ಅಂದ ಅಂತ ತಾನೇ?”

ಹೊರಗೆ ಹೋಗಿ ಸಣ್ಣೀರನಿಗೆ, ಹಾಕಿದ ಕೈಯಲ್ಲೇ ಬಿಡಿಸಿ ಬಾ ಎಂದೆ. “ಹಾಕು ಅಂತೀಯ, ಬಿಡಿಸು ಅಂತೀಯ, ನಾನೇನು ಅಕ್ಕಸಾಲಿಗನಾ?” ಎಂದು ಗೊಣಗುತ್ತ ಅವನು ಹೋದ. ನಾನು ಮೇಷ್ಟ್ರ ಹತ್ತಿರ ಬಂದು, “ಅಕ್ಷರ ಒತ್ತಿ ಕಳಿಸಿ ಮೇಷ್ಟ್ರೇ. ಅದು ಆ ಹುಚ್ಚು ಹೊಂಬಾಳಿ ಮಾಡಿದ್ದು, ನಾನಲ್ಲ ಅಂತ,” ಎಂದೆ. ಅವರು ತಲೆಯಾಡಿಸಿದರು. “ಒಂಬತ್ತು ವರ್ಷದಲ್ಲಿ ಅವಳೂ ಅಕ್ಷರ ಒತ್ತಲಿಲ್ಲ, ನಾನೂ ಒತ್ತಲಿಲ್ಲ. ಅಕ್ಷರ ಒತ್ತಿದ್ರೆ ಸೋತಂಗೆ. ಪಿನ್ನು ಕಿತ್ತರೆ ಸೋತಂಗಲ್ಲ. ಈಗ ಏನಂತ ಒತ್ತಲಿ?”

ಸಣ್ಣೀರ ಎರಡು ಗಂಟೆಗೆ ವಾಪಸು ಬಂದ. ಈ ಸಲ ಬಾಗಿಲಲ್ಲೇ ನಿಂತು ಹೇಳಿದ. “ಬಿಡಿಸ್ದೆ. ಅಮ್ಮಾವ್ರು ಜಗಲಿ ಮೇಲೆ ಕೂತಿದ್ರು. ಪಿನ್ನು ಸಲೀಸಾಗಿ ಬತ್ತದೆ, ಕಿತ್ತು ನೋಡಿ ಅಂದೆ. ನೋಡಲಿಲ್ಲ. ಹಾಕ್ಸಿದ್ದು ಯಾರು ಅಂತ ಕೇಳಿದ್ರು. ತಂತಿಮನೆಯೋರು ಅಂದೆ. ಬಿಡಿಸಿದ್ದು ಯಾರು ಅಂದ್ರು. ತಂತಿಮನೆಯೋರೇ ಅಂದೆ. ಎದ್ದು ಒಳಗೋದ್ರು.”

“ನಾನು ಹೇಳ್ದೆ ಅಂತ ಹೇಳಬಾರದಿತ್ತೇನೋ ದಡ್ಡ ನನ್ಮಗನೆ?” ಎಂದು ನಾನು ಅವನ ಮೇಲೆ ಹಾರಿದೆ. “ಹೇಳು ಅಂತ ನೀನು ಹೇಳಿದ್ಯಾ?” ಎಂದ. ಅದೂ ಸರಿಯೇ.

ನಾಲ್ಕಕ್ಕೆ ಮೇಷ್ಟ್ರು ಮುಖ ತೊಳೆದುಕೊಂಡರು. ತಲೆ ಬಾಚಿಕೊಂಡರು. ಬಂದು ಯಂತ್ರದ ಮುಂದೆ ಕುಳಿತರು. ಒಂಬತ್ತು ತಡ ಮಾಡಿತು. ಹದಿನೈದು ಎರಡು ಸಲ ತಡ ಮಾಡಿತು, ಶಾಲೆ ಬಿಟ್ಟಿತ್ತು. ನಾಲ್ಕು ಎಂಟು, ನಾಲ್ಕು ಒಂಬತ್ತು. ನಾಲ್ಕು ಹತ್ತು. ಯಂತ್ರ ಸುಮ್ಮನಿತ್ತು. ನಾಲ್ಕು ಹನ್ನೊಂದು. ನಾಲ್ಕೂಕಾಲಿಗೆ ಸರಿಯಾಗಿ ಟಕಟಕ ಎಂದು ಎಲ್ಲ ಕಂಬಗಳೂ ಬಂದವು, ಅವುಗಳ ನಡುವೆ ಅದೂ ಬಂತು: “ಕಂಬ ಹದಿನೇಳು: ಇದ್ದೇನೆ.” ತಂತಿ ಸರಿ ಇದೆ, ಪೆಟ್ಟಿಗೆ ಸರಿ ಇದೆ, ಯಾವ ಕುಂದೂ ಇಲ್ಲ. ಆ ಸಾಲಿನಷ್ಟು ಕೆಟ್ಟ ಸುದ್ದಿಯನ್ನು ನಾನು ಇಷ್ಟು ವರ್ಷದಲ್ಲಿ ಇನ್ನೊಂದು ಓದಿಲ್ಲ.

ಮೇಷ್ಟ್ರು ರಿಜಿಸ್ಟರ್ ಎಳೆದುಕೊಂಡು ಪೆನ್ನು ತೆಗೆದರು. ವಾಡಿಕೆಯ ಕಾಲಂ ಮೇಲೆ ಪೆನ್ನು ಊರಿ ಕುಳಿತರು. ಬರೆಯಲೂ ಇಲ್ಲ, ಬಿಡಲೂ ಇಲ್ಲ. ಆಗ ನನಗೆ ತಲೆಗೆ ಏರಿಬಿಟ್ಟಿತು. ಬೆಳಿಗ್ಗೆಯಿಂದ ತಪ್ಪು ನನ್ನದು ಎಂದು ಬಾಯಿ ಮುಚ್ಚಿಕೊಂಡಿದ್ದವಳು ರಿಜಿಸ್ಟರನ್ನು ಅವರ ಕೈಯಿಂದ ಕಿತ್ತುಕೊಂಡೆ. ಹಿಂದಿನ ಹಾಳೆಗಳನ್ನು ತಿರುವಿ ತಿರುವಿ ತೋರಿಸಿದೆ.

“ವಾಡಿಕೆ, ವಾಡಿಕೆ, ವಾಡಿಕೆ! ನಾಲ್ಕು ಹತ್ತಕ್ಕೆ ಪಿನ್ನು ಕಿತ್ತರೆ ಏನು ಅರ್ಥ ಅಂತ ನೀವೇ ಹೇಳಿದ್ರಲ್ಲ ಮೇಷ್ಟ್ರೇ? ಟೀ ಆಗಿದೆ, ಎದ್ದು ಬಾ ಅಂತ ತಾನೇ? ಆ ಯಮ್ಮ ಒಂಬತ್ತು ವರ್ಷ ದಿನಾ ಒಲೆ ಮೇಲೆ ಟೀ ಇಟ್ಟು ಕರೆದವ್ಳೆ. ನೀವು ದಿನಾ ತಲೆ ಬಾಚ್ಕೊಂಡು ಬಂದು ಇಲ್ಲಿ ವಾಡಿಕೆ ಅಂತ ಬರ್ಕೊಂಡಿದೀರಿ! ನಾನು ಬಾಯಿಗೆ ಸೀಸ ಹುಯ್ದೆ ಅಂತೀರಲ್ಲ, ನೀವು ಕಿವಿಗೆ ಏನು ಹುಯ್ಕೊಂಡಿದ್ರಿ? ಇದು ಓಟ ಕಣ್ರೀ! ಮೊದಲನೇ ದಿನವೇ ಓಟ! ನನಗೆ ಓದೋಕೆ ಕಲಿಸಿದೋರು ನೀವು, ನಿಮಗೆ ಯಾರು ಕಲಿಸಿದ್ದು?”

ಅವರು ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಕೋಪ ಇರಲಿಲ್ಲ. ನಾನು ಮೂರನೇ ಕಂಬದ ಬೀದಿಗೆ ಓಡಿ ಹೋಗಿ ಬಂದ ದಿನ ನನ್ನ ಮುಖ ಹೇಗಿತ್ತೋ ಅವರ ಮುಖ ಹಾಗಿತ್ತು. ಪೆನ್ನಿಗೆ ಟೋಪಿ ಹಾಕಿದರು. ಸೊಂಟದಿಂದ ತಂತಿಮನೆಯ ಬೀಗದ ಕೈ ತೆಗೆದು ರಿಜಿಸ್ಟರಿನ ಮೇಲೆ ಇಟ್ಟರು. ಎದ್ದು, ಚಪ್ಪಲಿ ಮೆಟ್ಟಿಕೊಂಡು, ಹೊರಗೆ ನಡೆದರು. ಸಣ್ಣೀರ, “ಸೈಕಲ್ ತರಲಾ ಮೇಷ್ಟ್ರೇ?” ಎಂದ. ಬೇಡ ಎಂದು ಕೈಯಾಡಿಸಿದರು.

ನಾನು ಬಾಗಿಲಿಗೆ ಬಂದು ನಿಂತೆ. ಆಡಬಾರದ್ದನ್ನು ಆಡಿದೆ ಎಂದು ಆಗ ಅನಿಸಿತು. ಅವರ ವಯಸ್ಸೇನು, ನನ್ನ ವಯಸ್ಸೇನು. ತಪ್ಪಾಯ್ತು ಎನ್ನಬೇಕು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ನನ್ನ ಬಾಯಿಂದ ಕೇಳಿಲ್ಲ, ನನ್ನ ತಾಯಿ ಕೂಡ. ಅವರು ಕಲ್ಲುಬೆಂಚು ದಾಟಿದರು. ಪಕ್ಕದಲ್ಲಿದ್ದ ನಲ್ಲಿ ದಾಟಿದರು. ನಾನು ಗಂಟಲು ಸರಿಮಾಡಿಕೊಂಡೆ, ಸೆರಗು ಸರಿಮಾಡಿಕೊಂಡೆ. ಆಮೇಲೆ ಕೆರೆಯ ಆಚೆಯ ಎಮ್ಮೆ ತಿರುಗುವಂತೆ ಕೂಗಿದೆ: “ತಪ್ಪಾಯ್ತು ಮೇಷ್ಟ್ರೇ!” ಅವರು ತಿರುಗಲಿಲ್ಲ. ಅಗಲವಾದ ಬೆನ್ನು ಬೀದಿಯ ಬಿಸಿಲಿನಲ್ಲಿ ಹಾಗೇ ಹೋಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಸಣ್ಣೀರ ನೆಲ ನೋಡಿಕೊಂಡು, “ಹನ್ನೊಂದಾಗಿತ್ತು ಅಕ್ಕ,” ಎಂದ.

ಓಡಿ ಹೋಗಿ ಹೇಳಬಹುದಿತ್ತು. ಆದರೆ ಯಂತ್ರದ ಮುಂದೆ ಯಾರೂ ಇರಲಿಲ್ಲ. ಒಳಗೆ ಬಂದು ಅವರ ಕುರ್ಚಿಯಲ್ಲಿ ಕುಳಿತೆ. ನಾಲ್ಕೂಮುಕ್ಕಾಲು, ಐದು, ಐದೂಕಾಲು. ಎಲ್ಲ ಕಂಬಗಳೂ ಇದ್ದವು. ಐದೂವರೆಯ ಸಾಲುಗಳು ಮುಗಿದು ಒಂದೆರಡು ನಿಮಿಷ ಆಗಿತ್ತು. ಯಂತ್ರ ಒಂದೇ ಒಂದು ಸಲ ಬಡಿಯಿತು. “ಕಂಬ ಹದಿನೇಳು: ಬಿಟ್ಟಿತು.” ನಾನು ಪಟ್ಟಿಯ ಮೇಲೆ ಬಗ್ಗಿದೆ. ಸೇರಿತು ಎಂದು ಬರಲಿಲ್ಲ. ಐದೂಮುಕ್ಕಾಲಿಗೆ ಇಪ್ಪತ್ತು ಕಂಬ ಬಂದವು, ಅದು ಬರಲಿಲ್ಲ. ಬಿಟ್ಟದ್ದು ಕಾಲು ಗಂಟೆಯಲ್ಲಿ ಸೇರದಿದ್ದರೆ ಓಟ ಎಂದು ಮೇಷ್ಟ್ರೇ ಕಲಿಸಿದ್ದರು. ಸಣ್ಣೀರ ಆಗಲೇ ಸೈಕಲ್ ಹತ್ತಿದ್ದ. “ಇಳಿ,” ಎಂದೆ. “ಯಾಕಕ್ಕ?” ಎಂದ. “ಇಳಿ ಅಂದ್ನಲ್ಲ.” ರಿಜಿಸ್ಟರ್ ತೆಗೆದು, ನನ್ನ ಕೋಳಿಕಾಲಿನ ಅಕ್ಷರದಲ್ಲಿ ವಾಡಿಕೆ ಎಂದು ಬರೆದೆ.

ಮಾರನೇ ದಿನ ಸಣ್ಣೀರ ನನ್ನನ್ನು ಕೇಳದೆಯೇ ಆ ಕಡೆ ಹೋಗಿ ಬಂದ. ಪಿನ್ನು ಕಿತ್ತು ಪೆಟ್ಟಿಗೆಯ ಮೇಲೆ ಇಟ್ಟಿತ್ತಂತೆ. ಪಕ್ಕದಲ್ಲಿ ತೊಳೆದ ಎರಡು ಲೋಟ ಬೋರಲು ಹಾಕಿತ್ತಂತೆ. ಒಳಗಿನಿಂದ ಮಾತು ಕೇಳಿಸುತ್ತಿತ್ತಾ ಎಂದೆ. “ಹತ್ತು ಹೆಜ್ಜೆ ಹತ್ರಕ್ಕೆ ಹೋಗಲಿಲ್ಲ,” ಎಂದ ಸಣ್ಣೀರ. ಮೊದಲ ಸಲ ಅವನಲ್ಲಿ ಬುದ್ಧಿ ಕಂಡೆ.

ಆ ವರ್ಷ ತಪಾಸಣೆಗೆ ಬಂದವರು ಕೇಳಿದರು, ಆಮೇಲೆ ಬಂದವರೂ ಕೇಳಿದರು. ಹದಿನೇಳು ಯಾಕೆ ಬರುವುದಿಲ್ಲ? ಹಳೇ ಕಂಬ ಸಾರ್, ಇರ್ಲಿ ಬಿಡಿ ಎಂದೆ. ಜವರಯ್ಯ ಮೇಷ್ಟ್ರು ತಂತಿಮನೆಗೆ ಮತ್ತೆ ಬರಲಿಲ್ಲ. ಅಂದಿನಿಂದ ನಮ್ಮ ಸಹಸ್ರನಾಮದಲ್ಲಿ ದಿನಕ್ಕೆ ನಲವತ್ತೆಂಟು ಹೆಸರು ಕಡಿಮೆ.